ಸಿಮ್ ಇಲ್ಲದ ಕಾಲದಲ್ಲಿ ಹೊರದೇಶಕ್ಕೆ ಹೋದವನು

ನಮ್ಮ ಸೀನಿಯರ್‌ಗಳು ಎಂ.ಎಸ್. ಮಾಡೋಕೆ ಅಂತ ಹೊರದೇಶಕ್ಕೆ ಹೋದಾಗ ಮೊದಲು ಬರೋ ಮೆಸೇಜ್ ಯೂನಿವರ್ಸಿಟಿ ಬಗ್ಗೆ ಇರಲ್ಲ, ಹಿಮದ ಬಗ್ಗೆಯೂ ಇರಲ್ಲ. ಏರ್‌ಪೋರ್ಟ್ ವೈಫೈ ಹಿಡ್ಕೊಂಡು ಕಳಿಸಿದ ಎರಡು ಸಾಲು ಅಷ್ಟೇ. ತಲುಪಿದೀನಿ, ಸಿಮ್ ಇನ್ನೂ ಆಗಿಲ್ಲ, ಮನೆಗೆ ಹೇಳಿಬಿಡಿ ಅಂತ. ಆಮೇಲೆ ಒಂದು ವಾರ ಅವರ ಪಾಡು ಕೇಳಬೇಡಿ. ವಿಳಾಸ ಇಲ್ಲದೆ ಇಂಟರ್ನೆಟ್ ಇಲ್ಲ, ಫೋನ್ ನಂಬರ್ ಇಲ್ಲದೆ ಬಾಡಿಗೆ ಮನೆಯವರು ಮಾತಾಡಲ್ಲ. ಈ ಕಥೆಗಳನ್ನು ಕೇಳ್ತಾ ಕೇಳ್ತಾ ನಮಗೆ ಒಬ್ಬ ನೆನಪಾದ. ಅವನೂ 23ನೇ ವಯಸ್ಸಿಗೆ ಮನೆ ಬಿಟ್ಟು ಸಮುದ್ರ ದಾಟಿದವನು. ಆದರೆ ಅವನು ಹೋದ ಕಾಲದಲ್ಲಿ ಫೋನ್ ಅನ್ನೋದೇ ಇರ್ಲಿಲ್ಲ. ಕೊನೆಗೆ ಅದನ್ನು ಅವನೇ ಮಾಡಬೇಕಾಯ್ತು.

ಅಲೆಕ್ಸಾಂಡರ್ ಗ್ರಹಾಂ ಬೆಲ್. ಸಿಗ್ನಲ್ಸ್ ಕ್ಲಾಸಲ್ಲಿ ನಾವು ದಿನಾ ಬರೆಯೋ ಡೆಸಿಬೆಲ್‌ನಲ್ಲಿ ಕೂತಿರೋ ಬೆಲ್ ಇವನೇ. ಈ ಕಥೆ ಶುರುವಾಗೋವಾಗ ಅವನು ನಮಗಿಂತ ನಾಲ್ಕೇ ವರ್ಷ ದೊಡ್ಡವನು, ಅದಕ್ಕೆ ಅವರು ಅನ್ನದೆ ಅವನು ಅಂತಲೇ ಬರೀತಿದ್ದೀವಿ.

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಅಪ್ಪ ಮೆಲ್ವಿಲ್ ಬೆಲ್ ಉಚ್ಚಾರಣೆ ಕಲಿಸುವ ಮೇಷ್ಟ್ರು. ಯಾವ ಭಾಷೆಯ ಶಬ್ದವನ್ನಾದರೂ ನಾಲಿಗೆ, ತುಟಿ, ಗಂಟಲು ಎಲ್ಲಿರಬೇಕು ಅನ್ನೋದರ ಮೇಲೆ ಬರೆಯಬಹುದಾದ ಒಂದು ಲಿಪಿಯನ್ನು ಅವರು ಮಾಡಿದ್ದರು. ಅಮ್ಮ ಎಲೈಜಾಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಬೇರೆಯವರೆಲ್ಲ ಅವಳ ಶ್ರವಣನಳಿಗೆಯೊಳಗೆ ಜೋರಾಗಿ ಮಾತಾಡುತ್ತಿದ್ದರೆ, ಬೆಲ್ ಮಾತ್ರ ಅವಳ ಹಣೆಯ ಹತ್ತಿರ ಬಾಯಿಟ್ಟು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದ. ಕಂಪನ ಮೂಳೆಯ ಮೂಲಕ ಅವಳಿಗೆ ತಿಳಿಯಲಿ ಅಂತ. ಶಬ್ದ ಅಂದರೆ ಕಂಪನ ಅಂತ ನಾವು ಪಿಯುಸಿಯಲ್ಲಿ ಓದಿ ಕಲಿತೆವು. ಅವನು ಅಮ್ಮನ ಜೊತೆ ಮಾತಾಡಿ ಕಲಿತ.

ಮೂರು ಜನ ಅಣ್ಣತಮ್ಮಂದಿರಲ್ಲಿ ಬೆಲ್ ನಡುವಿನವನು. 1867ರಲ್ಲಿ ತಮ್ಮ ಎಡ್ವರ್ಡ್ ಕ್ಷಯದಿಂದ ತೀರಿಕೊಂಡ. 1870ರಲ್ಲಿ ಅಣ್ಣ ಮೆಲ್ವಿಲ್ ಕೂಡ ಅದೇ ರೋಗಕ್ಕೆ ಹೋದ. ಉಳಿದ ಒಬ್ಬ ಮಗನ ಆರೋಗ್ಯವೂ ಚೆನ್ನಾಗಿರಲಿಲ್ಲ. ಅಪ್ಪ ಅಮ್ಮ ಇನ್ನು ಯೋಚನೆ ಮಾಡ್ತಾ ಕೂರಲಿಲ್ಲ. ಅಣ್ಣ ಸತ್ತ ಕೆಲವೇ ತಿಂಗಳಲ್ಲಿ ಗಂಟುಮೂಟೆ ಕಟ್ಟಿ ಹಡಗು ಹತ್ತಿದರು. 1870ರ ಆಗಸ್ಟ್‌ನಲ್ಲಿ ಕೆನಡಾ ತಲುಪಿ, ಒಂಟಾರಿಯೋದ ಬ್ರಾಂಟ್‌ಫರ್ಡ್ ಹತ್ತಿರ ಗ್ರ್ಯಾಂಡ್ ನದಿಯ ಮೇಲಿನ ದಿಬ್ಬದಲ್ಲಿ ಒಂದು ತೋಟದ ಮನೆ ಕೊಂಡರು. ನಮ್ಮಲ್ಲಿ ಜನ ಹೊರದೇಶಕ್ಕೆ ಹೋಗೋದು ಓದಿಗೆ, ಕೆಲಸಕ್ಕೆ. ಬೆಲ್ ಹೋಗಿದ್ದು ಬದುಕಿ ಉಳಿಯೋಕೆ.

ಹೊಸ ಜಾಗದಲ್ಲಿ ಅವನು ಚೇತರಿಸಿಕೊಂಡ. ಹತ್ತಿರದಲ್ಲೇ ಮೋಹಾಕ್ ಮೂಲನಿವಾಸಿಗಳ ವಸತಿ ಇತ್ತು. ಅಲ್ಲಿಗೆ ಹೋಗಿ ಅವರ ಭಾಷೆ ಕಲಿತು, ಅದರ ಶಬ್ದಗಳನ್ನು ಅಪ್ಪನ ಲಿಪಿಯಲ್ಲಿ ಬರೆದ. ಅವರು ಅವನಿಗೆ ಗೌರವದ ಮುಖಂಡ ಪಟ್ಟ ಕೊಟ್ಟರು. ಬಂದ ಊರಿನ ಭಾಷೆ ಕಲಿಯೋದು ಮೊದಲ ಕನೆಕ್ಷನ್ ಅಂತ ನಮಗನ್ನಿಸುತ್ತೆ. ಬೆಂಗಳೂರಲ್ಲಿರೋ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ!

1871ರಲ್ಲಿ ಬೆಲ್ ಅಮೆರಿಕದ ಬಾಸ್ಟನ್‌ಗೆ ಹೋಗಿ ಕಿವುಡ ಮಕ್ಕಳ ಶಾಲೆಯಲ್ಲಿ ಕೆಲಸಕ್ಕೆ ಸೇರಿದ. ಹಗಲು ಪಾಠ, ರಾತ್ರಿ ಪ್ರಯೋಗ, ಬೇಸಿಗೆ ರಜೆಯಲ್ಲಿ ಬ್ರಾಂಟ್‌ಫರ್ಡ್‌ನ ಅಪ್ಪನ ಮನೆ. ಆಗ ದೊಡ್ಡ ಸಮಸ್ಯೆ ಅಂದ್ರೆ ಟೆಲಿಗ್ರಾಫ್. ಒಂದೇ ತಂತಿಯಲ್ಲಿ ಒಟ್ಟಿಗೆ ಹಲವು ಸಂದೇಶ ಕಳಿಸೋದು ಹೇಗೆ? ನಾವಿವತ್ತು ಮಲ್ಟಿಪ್ಲೆಕ್ಸಿಂಗ್ ಅಂತೀವಿ. ಬೆಲ್‌ಗೆ ದುಡ್ಡು ಕೊಟ್ಟವರು ಅದನ್ನೇ ಮಾಡು ಅಂತ ಕೂತಿದ್ದರು. ಅವನ ತಲೆ ಮಾತ್ರ ಮಾತಿನ ಕಡೆಗೇ ಎಳೀತಿತ್ತು. ಟೆಲಿಗ್ರಾಫ್ ಕರೆಂಟನ್ನು ಹಚ್ಚಿ ಆರಿಸುತ್ತೆ. ಮಾತು ಹಾಗೆ ಹೋಗಲ್ಲ. ದನಿ ಏರಿದಂತೆ ಕರೆಂಟ್ ಏರಬೇಕು, ಇಳಿದಂತೆ ಇಳಿಯಬೇಕು, ನಡುವೆ ಎಲ್ಲೂ ಕಡಿಯಬಾರದು. ಈ ಐಡಿಯಾ ಅವನಿಗೆ ಸಿಕ್ಕಿದ್ದು 1874ರ ಬೇಸಿಗೆಯಲ್ಲಿ, ಬ್ರಾಂಟ್‌ಫರ್ಡ್‌ನಲ್ಲಿ.

ಸರ್ಕ್ಯೂಟ್ ಕಟ್ಟೋದರಲ್ಲಿ ಬೆಲ್ ಅಷ್ಟಕ್ಕಷ್ಟೇ. ಆ ಕೆಲಸಕ್ಕೆ ಥಾಮಸ್ ವಾಟ್ಸನ್ ಅನ್ನೋ ಹುಡುಗ ಸಿಕ್ಕ. ನಮ್ಮ ಪ್ರಾಜೆಕ್ಟ್ ಟೀಮ್‌ಗಳಲ್ಲೂ ಒಬ್ಬ ಯೋಚನೆ ಮಾಡ್ತಾನೆ, ಒಬ್ಬ ಬೆಸುಗೆ ಹಾಕ್ತಾನೆ, ಹೆಸರು ಬರೋದು ಯಾರಿಗೆ ಅಂತ ನಿಮಗೇ ಗೊತ್ತು. 1876ರ ಫೆಬ್ರವರಿ 14ರಂದು ಬೆಲ್‌ನ ಪೇಟೆಂಟ್ ಅರ್ಜಿ ಹೋಯಿತು. ಅದೇ ದಿನ ಎಲೈಶಾ ಗ್ರೇ ಅನ್ನೋ ಇನ್ನೊಬ್ಬ ಸಂಶೋಧಕನ ಕಾಗದವೂ ಅದೇ ಕಚೇರಿ ತಲುಪಿತು. ಮಾರ್ಚ್ 7ಕ್ಕೆ ಪೇಟೆಂಟ್ ಬೆಲ್‌ಗೆ ಸಿಕ್ಕಿತು. ಮೂರು ದಿನ ಆದಮೇಲೆ, ಮಾರ್ಚ್ 10ರಂದು, ಪಕ್ಕದ ಕೋಣೆಯಲ್ಲಿದ್ದ ವಾಟ್ಸನ್‌ಗೆ ಬೆಲ್ ತನ್ನನ್ನು ಕರೆಯೋದು ತಂತಿಯಲ್ಲಿ ಕೇಳಿಸಿತು.

ನಮಗೆ ಇಷ್ಟವಾದ ಭಾಗ ಇದಲ್ಲ, ಮುಂದಿನದು. ಆ ವರ್ಷ ಆಗಸ್ಟ್‌ನಲ್ಲಿ ಬೆಲ್ ಫೋನನ್ನು ಹಿಡ್ಕೊಂಡು ಅಪ್ಪನ ಮನೆಗೆ ಬಂದ. ಊರಿನ ಟೆಲಿಗ್ರಾಫ್ ತಂತಿ ಮನೆಯವರೆಗೆ ಬಂದಿರಲಿಲ್ಲ. ಕಂಪನಿಗೆ ಅರ್ಜಿ ಹಾಕಿ ಕಾಯೋ ಬದಲು, ಒಲೆಯ ಹೊಗೆ ಕೊಳವೆ ಕಟ್ಟೋ ಮಾಮೂಲಿ ತಂತಿ ತಂದು ಬೇಲಿಯುದ್ದಕ್ಕೂ ಬಡಿದು ಮನೆಗೆ ಎಳೆದ. ಹೊಸ ದೇಶದ ಮನೆಗೆ ಮಗ ತಾನೇ ಹಾಕಿಕೊಟ್ಟ ಲೈನ್ ಅದು. ಕರೆದಿದ್ದ ನೆಂಟರು, ನೆರೆಯವರು ಎಲ್ಲ ಸರದಿಯಲ್ಲಿ ಕಿವಿಯಿಟ್ಟು ಕೇಳಿದರು. ಆಗಸ್ಟ್ 10ರಂದು ಬೆಲ್ ಸುಮಾರು 13 ಕಿಲೋಮೀಟರ್ ದೂರದ ಪ್ಯಾರಿಸ್ ಅನ್ನೋ ಪುಟ್ಟ ಊರಲ್ಲಿ ಕೂತು, ಬ್ರಾಂಟ್‌ಫರ್ಡ್‌ನಿಂದ ಮಾತಾಡಿದ ಅಪ್ಪನ ದನಿಯನ್ನು ಗುರುತು ಹಿಡಿದ. ಫೋನಲ್ಲಿ ವಾಪಸ್ ಮಾತಾಡೋಕೆ ಆಗ್ತಿರಲಿಲ್ಲ, ಮಾತು ಒಂದೇ ಕಡೆಗೆ. ಉತ್ತರ ಕಳಿಸಿದ್ದು ಟೆಲಿಗ್ರಾಫಲ್ಲಿ.

1877ರ ಜುಲೈ 9ಕ್ಕೆ ಬೆಲ್ ಟೆಲಿಫೋನ್ ಕಂಪನಿ ಹುಟ್ಟಿತು. ಎರಡು ದಿನ ಬಿಟ್ಟು ಅವನು ಮೇಬಲ್ ಹಬ್ಬರ್ಡ್‌ಳನ್ನು ಮದುವೆಯಾದ. ಹತ್ತು ಬಿಟ್ಟು ತನ್ನ ಪಾಲಿನ ಎಲ್ಲ ಷೇರುಗಳನ್ನೂ ಅವಳಿಗೆ ಉಡುಗೊರೆ ಕೊಟ್ಟ. ಆಗಿನ ಫೋನ್ ಮಾರಾಟಕ್ಕಿರಲಿಲ್ಲ, ಬಾಡಿಗೆಗೆ ಮಾತ್ರ. ಮನೆಗಾದರೆ ವರ್ಷಕ್ಕೆ 20 ಡಾಲರ್, ವ್ಯಾಪಾರಕ್ಕಾದರೆ 40. ಡೇಟಾ ಪ್ಲಾನ್ ಅನ್ನೋದು ಹೊಸದೇನಲ್ಲ ನೋಡಿ! ಒಂದೇ ಕೊಳವೆಗೆ ಮಾತಾಡಿ, ತಕ್ಷಣ ಅದನ್ನೇ ಕಿವಿಗೆ ಇಟ್ಟುಕೊಳ್ಳಬೇಕಿತ್ತು. ಎರಡು ಜಾಗದ ನಡುವೆ ಒಂದು ತಂತಿ, ಅಷ್ಟೇ. 1878ರ ಜನವರಿಯಲ್ಲಿ ನ್ಯೂ ಹೇವನ್‌ನಲ್ಲಿ 21 ಚಂದಾದಾರರ ಎಕ್ಸ್‌ಚೇಂಜ್ ಬಂದಮೇಲೆ ಯಾರು ಯಾರ ಜೊತೆ ಬೇಕಾದರೂ ಮಾತಾಡೋ ಹಾಗಾಯ್ತು.

ಬೆಲ್ ಒಬ್ಬನೇ ಇದನ್ನು ಕಂಡುಹಿಡಿದ ಅಂತ ನಾವು ಹೇಳಲ್ಲ. ಇಟಲಿಯಿಂದ ನ್ಯೂಯಾರ್ಕ್‌ಗೆ ವಲಸೆ ಬಂದಿದ್ದ ಆಂಟೋನಿಯೋ ಮೆಯುಚಿ, ಸಂಧಿವಾತದಿಂದ ಹಾಸಿಗೆ ಹಿಡಿದ ಹೆಂಡತಿಯ ಕೋಣೆಗೆ ತನ್ನ ಕೆಲಸದ ಜಾಗದಿಂದ ಮಾತಿನ ತಂತಿ ಎಳೆದಿದ್ದ. 1871ರಲ್ಲಿ ಪೇಟೆಂಟ್ ಕಚೇರಿಗೆ ಮುನ್ಸೂಚನೆಯ ಕಾಗದವನ್ನೂ ಕೊಟ್ಟಿದ್ದ. 1874ರ ನಂತರ ಅದನ್ನು ನವೀಕರಿಸಲು ಅವನ ಹತ್ತಿರ ದುಡ್ಡಿರಲಿಲ್ಲ. ಇಬ್ಬರೂ ಪರದೇಶದಿಂದ ಬಂದವರೇ. ಒಬ್ಬನ ಹಿಂದೆ ದುಡ್ಡಿದ್ದವರಿದ್ದರು, ಇನ್ನೊಬ್ಬನ ಹಿಂದೆ ಯಾರೂ ಇರಲಿಲ್ಲ. 2002ರಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಮೆಯುಚಿಯ ಕೆಲಸವನ್ನು ಗೌರವಿಸಿ ನಿರ್ಣಯ ಮಾಡಿತು. ಆ ಹೊತ್ತಿಗೆ ಅವನು ಸತ್ತು ನೂರು ವರ್ಷ ದಾಟಿತ್ತು.

ಬೆಲ್ ಫೋನಿಗೇ ನಿಲ್ಲಲಿಲ್ಲ. 1880ರಲ್ಲಿ ವಾಷಿಂಗ್ಟನ್‌ನಲ್ಲಿ ಬಿಸಿಲಿನ ಕಿರಣದ ಮೇಲೆ ಮಾತನ್ನು 213 ಮೀಟರ್ ದೂರ ಕಳಿಸಿದ. ತಂತಿಯೇ ಇಲ್ಲದೆ! ಮೋಡ ಬಂದರೆ ಮಾತು ನಿಂತುಹೋಗ್ತಿತ್ತು, ಹಾಗಾಗಿ ಆಗ ಅದು ಉಪಯೋಗಕ್ಕೆ ಬರಲಿಲ್ಲ. ಬೆಳಕಿನಲ್ಲಿ ಮಾತು ಕಳಿಸೋ ಅದೇ ವಿಚಾರ ಇವತ್ತು ಆಪ್ಟಿಕಲ್ ಫೈಬರ್ ಆಗಿ ನಮ್ಮ ಹಾಸ್ಟೆಲ್ ಗೋಡೆವರೆಗೂ ಬಂದಿದೆ.

ಇನ್ನೊಂದು ಮಾತು ಬರೆಯದೇ ಇದ್ದರೆ ಮೋಸ ಆಗುತ್ತೆ. ಕಿವುಡ ಮಕ್ಕಳು ಸನ್ನೆಭಾಷೆ ಬಿಟ್ಟು ತುಟಿ ಓದಿ, ಬಾಯಲ್ಲೇ ಮಾತಾಡಬೇಕು ಅಂತ ಬೆಲ್ ಹಟ ಹಿಡಿದಿದ್ದ. ಕಿವುಡರು ಕಿವುಡರನ್ನೇ ಮದುವೆಯಾಗೋದು ಒಳ್ಳೆಯದಲ್ಲ ಅಂತ 1883ರಲ್ಲಿ ಪ್ರಬಂಧವನ್ನೂ ಮಂಡಿಸಿದ. ಅನೇಕ ಶಾಲೆಗಳಲ್ಲಿ ಸನ್ನೆಭಾಷೆ ಹಿಂದೆ ಸರಿಯಿತು. ಕಿವುಡ ಸಮುದಾಯದ ಅನೇಕರು ಇವತ್ತಿಗೂ ಅವನ ಹೆಸರನ್ನು ನೋವಿನಿಂದ ನೆನೆಯುತ್ತಾರೆ. ಮೋಹಾಕ್ ಭಾಷೆಯನ್ನು ಅಷ್ಟು ಪ್ರೀತಿಯಿಂದ ಕಲಿತವನಿಗೆ ಕೈಯಲ್ಲಿ ಆಡೋ ಭಾಷೆಯೂ ಭಾಷೆಯೇ ಅಂತ ಯಾಕೆ ಅನ್ನಿಸಲಿಲ್ಲವೋ, ನಮಗೆ ಅರ್ಥ ಆಗಲಿಲ್ಲ.

ಯಾಕಂದ್ರೆ ಮೇಬಲ್ ಕೂಡ ಕಿವುಡಿ. ಐದನೇ ವಯಸ್ಸಲ್ಲಿ ಬಂದ ಜ್ವರದಲ್ಲಿ ಅವಳ ಕಿವಿ ಹೋಗಿತ್ತು. ಗಂಡ ಮಾಡಿದ ಫೋನನ್ನು ಇಡೀ ಜಗತ್ತು ಕೇಳಿತು, ಅವಳು ಒಂದು ಸಲವೂ ಕೇಳಲಿಲ್ಲ. ದೂರ ಇದ್ದಾಗ ಇಬ್ಬರೂ ಕಾಗದ ಬರೀತಿದ್ದರು.

ಬೆಲ್ ಕೊನೆಯ ದಿನಗಳನ್ನು ಕಳೆದದ್ದು ಕೆನಡಾದ ನೋವಾ ಸ್ಕೋಶಿಯಾದಲ್ಲಿ, ಹುಟ್ಟಿದೂರಿನ ಗುಡ್ಡಗಳನ್ನು ನೆನಪಿಸುವ ಜಾಗದಲ್ಲಿ. 1922ರ ಆಗಸ್ಟ್ 2ರಂದು ತೀರಿಕೊಂಡ. ಬಿಟ್ಟು ಹೋಗಬೇಡ ಅಂತ ಮೇಬಲ್ ಕೇಳಿಕೊಂಡಾಗ, ಮಾತಾಡಲು ಶಕ್ತಿಯಿಲ್ಲದೆ, ಇಲ್ಲ ಅಂತ ಬೆರಳಿನ ಸನ್ನೆಯಲ್ಲಿ ಹೇಳಿದನಂತೆ. ಎರಡು ದಿನದ ನಂತರ ಅವನನ್ನು ಮಣ್ಣು ಮಾಡುವಾಗ ಉತ್ತರ ಅಮೆರಿಕದ ಫೋನ್‌ಗಳೆಲ್ಲ ಒಂದು ನಿಮಿಷ ಸುಮ್ಮನಾದವು.

ನಮ್ಮಲ್ಲಿ ಕೆಲವರು ಇನ್ನೆರಡು ವರ್ಷಕ್ಕೆ ಆ ಕಡೆ ಹೋಗೋರೇ. ಹೊಸ ಊರಲ್ಲಿ ಸಿಮ್ ಹಾಕಿ, ನೆಟ್‌ವರ್ಕ್‌ನ ಗೆರೆಗಳು ಒಂದೊಂದಾಗಿ ಬರೋದನ್ನು ಕಾಯುವಾಗ, ಬೇಲಿಗೆ ತಂತಿ ಬಡಿದ ಈ ಹುಡುಗ ನೆನಪಾದರೆ ಸಾಕು. ಗೆರೆ ಬಂದ ತಕ್ಷಣ ಮೊದಲ ಕಾಲ್ ಮನೆಗೇ ಹೋಗಲಿ. ಹಾಸ್ಟೆಲ್‌ನಲ್ಲಿರೋರು ಅಲ್ಲೀವರೆಗೂ ಕಾಯಬೇಕಿಲ್ಲ, ಇವತ್ತು ರಾತ್ರಿಯೇ ಮಾಡಬಹುದು.