ಫಡೆಪ್ಪ ಓಡಿದ ದಾರಿ

ಕಳಸದಿಂದ ನಮ್ಮೂರು ಹೊರನಾಡಿಗೆ ಎಂಟು ಕಿಲೋಮೀಟರ್. ಸೆಮಿಸ್ಟರ್ ರಜೆಗೆ ಬಂದಾಗ ಒಂದು ಬೆಳಿಗ್ಗೆ ಈ ದಾರಿಯನ್ನು ಓಡಿಯೇ ಮುಗಿಸುತ್ತೇನೆಂದು ಹೊರಟೆ. ಜಡಿಮಳೆ. ಅರ್ಧ ದಾರಿಗೆ ಏದುಸಿರು ಬಂದು, ಹಿಂದಿನಿಂದ ಬಂದ ಜೀಪಿಗೆ ಕೈ ಅಡ್ಡ ಹಿಡಿದೆ. ಆ ರಾತ್ರಿ ಮ್ಯಾರಥಾನ್ ಬಗ್ಗೆ ಹುಡುಕುತ್ತಾ ಕೂತಾಗ ಸಿಕ್ಕ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ನಮ್ಮ ಬೆಳಗಾವಿಯವರು. 1920ರಲ್ಲೇ ಒಲಿಂಪಿಕ್ಸ್ ಮ್ಯಾರಥಾನ್ ಓಡಿದವರು. ಕ್ವಿಜ್‌ನಲ್ಲಿ ಬಹುಮಾನ ಗೆದ್ದ ನನಗೆ ಈ ಹೆಸರೇ ಗೊತ್ತಿರಲಿಲ್ಲ!

ಕತೆ ಶುರುವಾಗುವುದು ಪುಣೆಯಲ್ಲಿ. ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡುತ್ತಿದ್ದ ಹಳ್ಳಿಯ ರೈತ ಹುಡುಗರನ್ನು ಕಂಡು ದೊರಾಬ್ಜಿ ಟಾಟಾ ಬೆರಗಾದರು. ಹೇಳಿಕೊಳ್ಳುವಂಥ ತರಬೇತಿ ಇಲ್ಲದಿದ್ದರೂ ಅವರ ವೇಗ ಯುರೋಪಿನ ಓಟಗಾರರಿಗೆ ಹತ್ತಿರವಿತ್ತು. ಬೆಲ್ಜಿಯಂನ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಇಂಥವರನ್ನು ಕಳಿಸಲೇಬೇಕೆಂದು ಬಾಂಬೆಯ ಗವರ್ನರ್ ಜಾರ್ಜ್ ಲಾಯ್ಡ್ ಅವರನ್ನು ಒಪ್ಪಿಸಿದರು, ಸ್ವಂತ ಹಣವನ್ನೂ ಹಾಕಿದರು. 1900ರಲ್ಲಿ ನಾರ್ಮನ್ ಪ್ರಿಚರ್ಡ್ ಪ್ಯಾರಿಸ್‌ನಲ್ಲಿ ಓಡಿದ್ದರು ನಿಜ, ಆದರೆ ಅವರು ಒಬ್ಬರೇ. ತಂಡ ಅಂತ ಹೋಗಿದ್ದು ಇದೇ ಮೊದಲು. ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳು. ಅವರಲ್ಲಿ ಚೌಗುಲೆ ಒಬ್ಬರು. ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ, ಲಂಡನ್‌ನಲ್ಲಿ ಕೆಲವು ವಾರ ಅಭ್ಯಾಸ ಮಾಡಿ ಆಂಟ್ವರ್ಪ್ ತಲುಪಿದರು.

ಆಗಸ್ಟ್ 22, ಮ್ಯಾರಥಾನ್. ಅಂದು ಅಲ್ಲೂ ಮಳೆ, ಚಳಿ. ಈಗ ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಅಂದಿನ ದಾರಿ 42.75! ಒಲಿಂಪಿಕ್ಸ್ ಇತಿಹಾಸದಲ್ಲೇ ಅಷ್ಟು ಉದ್ದದ ಮ್ಯಾರಥಾನ್ ಇನ್ನೊಂದಿಲ್ಲ. ಗೆದ್ದದ್ದು ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್. ಚೌಗುಲೆ ಅವರ ಜೊತೆ ಹೋಗಿದ್ದ ಸದಾಶಿವ ದಾತಾರ್ ನಡುವೆಯೇ ನಿಲ್ಲಿಸಬೇಕಾಯಿತು. (ಅವರ ಕಷ್ಟ ನನಗೆ ಅರ್ಥವಾಗುತ್ತದೆ.) ಚೌಗುಲೆ ನಿಲ್ಲಲಿಲ್ಲ. 2 ಗಂಟೆ 50 ನಿಮಿಷ 45 ಸೆಕೆಂಡಿಗೆ ಗುರಿ ಮುಟ್ಟಿ 19ನೆಯವರಾದರು.

ಎಂಜಿನಿಯರಿಂಗ್ ಬುದ್ಧಿ, ಕ್ಯಾಲ್ಕುಲೇಟರ್ ತೆಗೆದೆ. ಒಂದು ಕಿಲೋಮೀಟರಿಗೆ ನಾಲ್ಕೇ ನಿಮಿಷ. ಆ ವೇಗದಲ್ಲಿ ಕಳಸ–ಹೊರನಾಡು 32 ನಿಮಿಷ. ನಮ್ಮ ಏರು ತಿರುವುಗಳಲ್ಲಿ ಅಷ್ಟು ಆಗದೇ ಇರಬಹುದು, ಬಿಡಿ. ಆದರೆ ಅವರು ಓಡಿದ್ದು ಅಂಥ ಐದು ದಾರಿಯನ್ನು, ಮೇಲೆ ಇನ್ನೂ ಎರಡೂಮುಕ್ಕಾಲು ಕಿಲೋಮೀಟರ್!

ಹತ್ತೊಂಬತ್ತನೇ ಸ್ಥಾನಕ್ಕೆ ಯಾರು ಹಾರ ಹಾಕುತ್ತಾರೆ? ಆದರೆ 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಶಿವನಾಥ್ ಸಿಂಗ್ 11ನೆಯವರಾಗುವ ತನಕ, ಅಂದರೆ 56 ವರ್ಷ, ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಯಾವ ಭಾರತೀಯನೂ ಚೌಗುಲೆ ಅವರಿಗಿಂತ ಮೇಲಿನ ಸ್ಥಾನ ಪಡೆಯಲಿಲ್ಲ. 1924ರ ಪ್ಯಾರಿಸ್‌ಗೂ ಭಾರತ ತಂಡ ಕಳಿಸಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿ, ಟಾಟಾ ಅದರ ಮೊದಲ ಅಧ್ಯಕ್ಷರಾದರು. ಅವರ ಹೆಸರು ನಮ್ಮ ಕ್ವಿಜ್ ಪುಸ್ತಕದಲ್ಲಿದೆ. ಚೌಗುಲೆ ಅವರದಿಲ್ಲ.

ದೀಪಾವಳಿಗೆ ಬಂದಾಗ ಕಳಸದಲ್ಲಿ ಬಸ್ ಇಳಿದು, ಬ್ಯಾಗನ್ನು ಅಣ್ಣನ ಬೈಕಿಗೆ ಹಾಕಿ ಮತ್ತೆ ಓಡಿದೆ. ಜೀಪು ಹತ್ತಲಿಲ್ಲ. 58 ನಿಮಿಷ ಹಿಡಿಯಿತು.