ನಾಲ್ಕೇ ಗುಂಡಿನ ಮ್ಯಾಗಜಿನ್, ನರಭಕ್ಷಕಗಳ ಬೆನ್ನು: ಕೆನೆತ್ ಆಂಡರ್ಸನ್ ಬದುಕು

ಕುಬಿಹಾಳ (ಕುಂದಗೋಳ ತಾ.): ನಮ್ಮ ಎರಿ ಹೊಲದಾಗ ಹುಲಿ ಇಲ್ಲ, ದಟ್ಟ ಅಡವಿನೂ ಇಲ್ಲ. ಚಿಗರಿ, ಹಂದಿ ಬೆಳಿಗೆ ಬಿದ್ದಾಗ ಮಾತ್ರ ಕಟ್ಟಿ ಮ್ಯಾಗ ಬಂದೂಕಿನ ಮಾತು ಬರ್ತದ. ಎಷ್ಟು ಗುಂಡು ಹಿಡಿತದ ಅನ್ನೋದೇ ಮೊದಲ ಪ್ರಶ್ನೆ. ಇದಕ್ಕೆ ತಮ್ಮ ಬದುಕಿನಲ್ಲೇ ಉತ್ತರ ಕೊಟ್ಟವರು ಬೆಂಗಳೂರಿನ ಕೆನೆತ್ ಆಂಡರ್ಸನ್. ಪೂರ್ಣಚಂದ್ರ ತೇಜಸ್ವಿ ಅವರ 'ಕಾಡಿನ ಕಥೆಗಳು' ಓದಿದವರಿಗೆ ಈ ಹೆಸರು ಹೊಸದಲ್ಲ.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದ್ ಹತ್ತಿರದ ಬೊಲಾರಂನಲ್ಲಿ. ಮೂಲ ಸ್ಕಾಟ್ಲೆಂಡ್, ಆದರೆ ಮನೆತನ ತಲೆಮಾರುಗಳಿಂದ ಇಲ್ಲೇ ನೆಲೆಸಿತ್ತು. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜಿನಲ್ಲಿ. ಮುಂದೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ನೌಕರಿ. ರಾಜನೂ ಅಲ್ಲ, ಜಮೀನ್ದಾರನೂ ಅಲ್ಲ. ರಜೆ ಹಾಕಿ ಕಾಡಿಗೆ ಹೋಗುವ ನೌಕರದಾರ. ಕನ್ನಡ, ತಮಿಳು ಬರ್ತಿತ್ತು. ಹೀಗಾಗಿ ಹಳ್ಳಿಯವರೇ ಅವರಿಗೆ ಸುದ್ದಿ ಮುಟ್ಟಿಸುತ್ತಿದ್ದರು.

ಕೈಯಲ್ಲಿದ್ದ ರೈಫಲ್

ಆ ಕಾಲದ ಶ್ರೀಮಂತ ಬೇಟೆಗಾರರು ಜೋಡಿ ನಳಿಗೆಯ ದುಬಾರಿ ರೈಫಲ್ ಹಿಡಿಯುತ್ತಿದ್ದರು. ಅದರಲ್ಲಿ ಎರಡೇ ಗುಂಡು. ಆಂಡರ್ಸನ್ ನೆಚ್ಚಿಕೊಂಡಿದ್ದು ಅಮೆರಿಕದ ಪಾಯಿಂಟ್ 405 ವಿಂಚೆಸ್ಟರ್, ಅಂದರೆ 1895ರ ಮಾದರಿಯ ಲಿವರ್ ರೈಫಲ್. ಟ್ರಿಗರ್ ಸುತ್ತಲಿನ ಲಿವರನ್ನು ಕೆಳಗೆ ದಬ್ಬಿ ಮೇಲಕ್ಕೆಳೆದರೆ ಸಾಕು, ಖಾಲಿ ತೋಟಾ ಹೊರಗೆ, ಹೊಸದು ಒಳಗೆ.

ಇದರ ವಿನ್ಯಾಸ ಜಾನ್ ಬ್ರೌನಿಂಗ್ ಅವರದು. ಅವರದೇ ಹಿಂದಿನ 1886ರ ಮಾದರಿಯಲ್ಲಿ ನಳಿಗೆಯ ಕೆಳಗೆ ಉದ್ದನೆ ಕೊಳವೆ ಇತ್ತು, ಎಂಟರ ಆಸುಪಾಸು ತೋಟಾ ಹಿಡಿಯುತ್ತಿತ್ತು. ಆದರೆ ಕೊಳವೆಯಲ್ಲಿ ಒಂದು ಗುಂಡಿನ ಮೂತಿ ಮುಂದಿನ ತೋಟಾದ ಹಿಂಬದಿಗೆ ತಾಗುತ್ತದೆ. ಚೂಪು ಮೂತಿ ಇದ್ದರೆ ಒಳಗೇ ಸಿಡಿಯುವ ಭಯ. 1895ರ ಮಾದರಿಗೆ ಪೆಟ್ಟಿಗೆಯಂಥ ಮ್ಯಾಗಜಿನ್ ಬಂತು. 405ರಲ್ಲಿ ಹಿಡಿಯುವುದು ನಾಲ್ಕು, ನಳಿಗೆಯಲ್ಲೊಂದು ಸೇರಿ ಐದು. ಗುಂಡಿನ ತೂಕ 300 ಗ್ರೇನ್, ಅಂದರೆ 19 ಗ್ರಾಂ ಮೇಲೆ. 1972ರಲ್ಲಿ ಬಂದ ಮಾರ್ಲಿನ್ ಕಂಪನಿಯ 45-70 ರೈಫಲ್ ಕೊಳವೆಯದೇ ಆದರೂ ಹಿಡಿಯುತ್ತಿದ್ದದ್ದು ನಾಲ್ಕೇ. 

ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಒಯ್ದದ್ದೂ ಇದೇ 405. ಮೊದಲ ಮಹಾಯುದ್ಧದಲ್ಲಿ ರಷ್ಯಾದ ಸೈನ್ಯ ತನ್ನದೇ ತೋಟಾಕ್ಕೆ ಹೊಂದಿಸಿ ಈ ಮಾದರಿಯ ಸುಮಾರು 3 ಲಕ್ಷ ರೈಫಲ್ ತರಿಸಿಕೊಂಡಿತ್ತು.

ಒಂದು ತಪ್ಪು ಗುಂಡಿನ ಬೆಲೆ

ಆಂಡರ್ಸನ್ ಕಥೆಗಳಲ್ಲಿ ಮತ್ತೆ ಮತ್ತೆ ಬರುವುದು ಗುಂಡಿನ ಎಣಿಕೆಯಲ್ಲ, ಗುರಿ. ಜವಳಗಿರಿಯ ಹೆಣ್ಣುಹುಲಿ ನರಭಕ್ಷಕ ಆದದ್ದು ಇನ್ಯಾರದೋ ಗುಂಡಿನಿಂದ ಗಾಯಗೊಂಡ ಮೇಲೆ. ಗಂಡುಹುಲಿಯ ಕೂಗು ಅಣಕಿಸಿ ಅದನ್ನು ಹತ್ತಿರ ಕರೆಸಿಕೊಂಡು ಆಂಡರ್ಸನ್ ಹೊಡೆದರು. ಅರಸೀಕೆರೆ ಕಡೆಯ ಕರಡಿ 12 ಜನರನ್ನು ಕೊಂದಿತ್ತು. ಸತ್ತವರಲ್ಲಿ ದರ್ಗಾ ನೋಡಿಕೊಳ್ಳುತ್ತಿದ್ದ ಅವರ ಗೆಳೆಯ ಆಲಂ ಬಕ್ಷರ ಮಗನೂ ಇದ್ದ. ಅದನ್ನು ಮುಗಿಸಲು ಮೂರು ಸಲ ಹೋಗಬೇಕಾಯಿತು.

ಸರ್ಕಾರಿ ದಾಖಲೆಯಂತೆ 1939ರಿಂದ 1966ರವರೆಗೆ ಅವರು ಹೊಡೆದ ನರಭಕ್ಷಕ ಚಿರತೆ 8, ಹುಲಿ 7. ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಕೊನೆಗಾಲಕ್ಕೆ ಕಾಡಿನೊಳಗೆ ರೈಫಲ್ ಬದಲು ಕ್ಯಾಮೆರಾ ಹಿಡಿದರು, ಪ್ರಾಣಿ ಉಳಿಸುವ ಮಾತಾಡಿದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರ ಆಗಸ್ಟ್ 30ರಂದು ಬೆಂಗಳೂರಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ಇವತ್ತು ಚಿಗರಿಗೆ ಗುಂಡು ಹೊಡೆದರೆ ಜೈಲೇ ಗತಿ. ಬೆಳೆ ಹಾಳಾದಾಗ ರೈತನ ಸಿಟ್ಟು ಸುಳ್ಳಲ್ಲ. ಅದಕ್ಕೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವ ದಾರಿ ಐತಿ. ಸಿಟ್ಟಿನ ಕೈಯಾಗಿನ ಬಂದೂಕು ಮಾತ್ರ ಬ್ಯಾಡ. ಕತ್ತಲಾಗ ಅಲ್ಲಾಡಿದ ಜ್ವಾಳದ ಹಿಂದ ಹಂದೀನೇ ಇರ್ತದ ಅಂತ ಏನು ಖಾತ್ರಿ? ನೀರು ಹಾಯಿಸಾಕ ಬಂದ ಮನುಷ್ಯಾನೂ ಇರಬಹುದು. ಮ್ಯಾಗಜಿನ್‌ನಾಗ ನಾಲ್ಕಿರಲಿ, ಎಂಟಿರಲಿ, ಹೋದ ಗುಂಡು ವಾಪಸ್ ಬರಂಗಿಲ್ರಿ.