ಇನ್ಸುಲಿನ್‌ನಿಂದ ಮಕ್ಕಳ ನರ ಸಾಯುತ್ತದೆಯೇ? ಡಾ. ಜೋಸ್ಲಿನ್ ಬದುಕಿನಲ್ಲಿದೆ ಉತ್ತರ

ಮಗುವಿಗೆ ಇನ್ಸುಲಿನ್ ಚುಚ್ಚಲು ಶುರು ಮಾಡಿದರೆ ಕೈಕಾಲಿನ ನರಗಳು ಸತ್ತುಹೋಗುತ್ತವೆ, ಮುಂದೆ ಕಾಲೇ ಕತ್ತರಿಸಬೇಕಾಗುತ್ತದೆ, ಅದರ ಬದಲು ಕಷಾಯ ಕುಡಿಸಿ ಎನ್ನುವ ಧಾಟಿಯ ಮಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ನೇರ ಉತ್ತರ ಮೊದಲೇ ಹೇಳಿಬಿಡೋಣ: ಇದು ಸುಳ್ಳು, ಅದೂ ಪ್ರಾಣ ತೆಗೆಯುವ ಸುಳ್ಳು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಮಧುಮೇಹದಲ್ಲಿ ದೇಹ ತಾನಾಗಿ ಇನ್ಸುಲಿನ್ ತಯಾರಿಸುವುದು ಹೆಚ್ಚುಕಡಿಮೆ ನಿಂತೇಹೋಗಿರುತ್ತದೆ. ಚುಚ್ಚುಮದ್ದು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಗುವಿನ ಜೀವಕ್ಕೆ ಅಪಾಯ.

ಹಾಗಾದರೆ ಸಕ್ಕರೆ ಕಾಯಿಲೆ ಇರುವ ಮಕ್ಕಳಿಗೆ ನರದ ತೊಂದರೆ ಬರುವುದೇ ಇಲ್ಲವೇ? ಬರುತ್ತದೆ. ಗೊಂದಲ ಹುಟ್ಟಿರುವುದೇ ಇಲ್ಲಿ. ಇದನ್ನು ಬಿಡಿಸಿಕೊಳ್ಳಲು ಡಾ. ಎಲಿಯಟ್ ಜೋಸ್ಲಿನ್ ಅವರ ಬದುಕಿಗಿಂತ ಒಳ್ಳೆಯ ದಾರಿ ಇಲ್ಲ.

ಜೋಸ್ಲಿನ್ ಹುಟ್ಟಿದ್ದು 1869ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ. ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿ, 1898ರಲ್ಲಿ ಬಾಸ್ಟನ್ನಿನಲ್ಲಿ ಪ್ರಾಕ್ಟೀಸ್ ಆರಂಭಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ ಅವರಿಗೊಂದು ಅಭ್ಯಾಸವಿತ್ತು. ತಾವು ನೋಡಿದ ಪ್ರತಿ ಮಧುಮೇಹಿಯ ವಿವರವನ್ನೂ ಲೆಡ್ಜರ್ ಪುಸ್ತಕದಲ್ಲಿ, ಕಿರಾಣಿ ಅಂಗಡಿಯವರು ಲೆಕ್ಕ ಬರೆದಂತೆ, ಬರೆದಿಡುವುದು. ಆ ಪುಸ್ತಕದಲ್ಲಿ ಅವರ ಸ್ವಂತ ತಾಯಿಯ ಹೆಸರೂ ಇತ್ತು. ತಾಯಿಗೂ ಸಕ್ಕರೆ ಕಾಯಿಲೆ. ಊಟದ ಕಟ್ಟುನಿಟ್ಟಿನಿಂದಲೇ ಅವರು ಹತ್ತು ವರ್ಷಕ್ಕೂ ಹೆಚ್ಚು ಬದುಕಿದರು.

ಮಕ್ಕಳಿಗೆ ಆ ಅದೃಷ್ಟ ಇರಲಿಲ್ಲ. ಕಾಯಿಲೆ ಗೊತ್ತಾದ ಮೇಲೆ ಹೆಚ್ಚಿನ ಮಕ್ಕಳು ಬದುಕುತ್ತಿದ್ದುದು ಒಂದೆರಡು ವರ್ಷ ಮಾತ್ರ. 1910ರ ದಶಕದಲ್ಲಿ ಇದ್ದ ಚಿಕಿತ್ಸೆ ಎಂದರೆ ಉಪವಾಸಕ್ಕೆ ಸಮನಾದ ಅರೆಹೊಟ್ಟೆ ಊಟ. ಫ್ರೆಡರಿಕ್ ಅಲೆನ್ ಎಂಬ ವೈದ್ಯರು ಹೇಳಿದ ಈ ಪದ್ಧತಿಯನ್ನು ಜೋಸ್ಲಿನ್ ಕೂಡ ಅನುಸರಿಸಿದರು. ಮಕ್ಕಳು ಮೂಳೆ ಚಕ್ಕಳವಾಗಿ ಇನ್ನಷ್ಟು ತಿಂಗಳು ಉಸಿರಾಡುತ್ತಿದ್ದವು, ಅಷ್ಟೆ. ಅಷ್ಟು ಬೇಗ ಮಕ್ಕಳು ತೀರಿಹೋಗುತ್ತಿದ್ದ ಆ ಕಾಲದಲ್ಲಿ ಅವರ ನರಗಳು ಮುಂದೆ ಏನಾಗುತ್ತವೆ ಎಂದು ನೋಡಲು ಯಾರಿಗೂ ಅವಕಾಶವೇ ಇರಲಿಲ್ಲ. ಈ ಮಾತು ನೆನಪಿನಲ್ಲಿರಲಿ.

1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಬೇರ್ಪಡಿಸಿದರು. 1922ರ ಆಗಸ್ಟ್‌ನಲ್ಲಿ ಜೋಸ್ಲಿನ್ ತಮ್ಮ ಮೊದಲ ಇನ್ಸುಲಿನ್ ಚುಚ್ಚುಮದ್ದನ್ನು ಎಲಿಜಬೆತ್ ಮಜ್ ಎಂಬ ನರ್ಸ್‌ಗೆ ಕೊಟ್ಟರು. ಮನೆಯಿಂದ ಹೊರಗೆ ಕಾಲಿಡಲಾಗದಷ್ಟು ಸೊರಗಿದ್ದ ಆಕೆ ಕೆಲವೇ ವಾರಗಳಲ್ಲಿ ಮೈಲಿಗಟ್ಟಲೆ ನಡೆದಾಡುವಂತಾದರು. ಒಣಗಿದ ಮೂಳೆಗಳಿಗೆ ಮತ್ತೆ ಮಾಂಸ, ಉಸಿರು ಬಂದ ಬೈಬಲ್ಲಿನ ಕಥೆ ಜೋಸ್ಲಿನ್‌ಗೆ ನೆನಪಾಯಿತಂತೆ.

ಆಮೇಲೆ ಬಂದದ್ದು ಯಾರೂ ನಿರೀಕ್ಷಿಸದ ಸಮಸ್ಯೆ. ಕೋಮಾಕ್ಕೆ ಜಾರಿ ಸಾಯುವುದು ಕಡಿಮೆಯಾಯಿತು, ಜನ ಹೆಚ್ಚು ವರ್ಷ ಬದುಕತೊಡಗಿದರು. ಹಾಗೆ ಬದುಕಿದವರಲ್ಲಿ ಕಣ್ಣು, ಕಿಡ್ನಿ, ನರಗಳ ತೊಂದರೆ ಕಾಣಿಸಿಕೊಂಡವು. ಪಾದ ಜೋಮು ಹಿಡಿಯುವುದು, ರಾತ್ರಿ ಉರಿಯುವುದು, ಗಾಯವಾದರೂ ಗೊತ್ತಾಗದೆ ಕೊಳೆಯುವುದು. ಹೊರಗಿನಿಂದ ನೋಡಿದವರಿಗೆ ಇದು ಹೇಗೆ ಕಂಡಿರಬಹುದು ಯೋಚಿಸಿ. ಇನ್ಸುಲಿನ್ ಬರುವ ಮೊದಲು ಇಲ್ಲದ ತೊಂದರೆ, ಬಂದ ಮೇಲೆ ಶುರು! ಇವತ್ತಿನ ಫಾರ್ವರ್ಡ್ ಮಾಡುವುದೂ ಇದೇ ತಪ್ಪು ಲೆಕ್ಕ. ಇನ್ಸುಲಿನ್ ನರವನ್ನು ಕೆಡಿಸಲಿಲ್ಲ. ನರ ಕೆಡುವಷ್ಟು ಕಾಲ ಬದುಕುವ ಆಯುಷ್ಯವನ್ನು ಕೊಟ್ಟಿತು. ಕೆಡಿಸುತ್ತಿದ್ದುದು ವರ್ಷಗಟ್ಟಲೆ ರಕ್ತದಲ್ಲಿ ಏರಿಯೇ ಉಳಿದ ಸಕ್ಕರೆ. ಅದು ನರದ ಒಳಗಿನ ಕೆಲಸವನ್ನೂ, ನರಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳನ್ನೂ ಹಾಳುಮಾಡುತ್ತದೆ. ಅತಿ ಉದ್ದದ ನರಗಳಿಗೆ ಪೆಟ್ಟು ಮೊದಲು, ಅದಕ್ಕೇ ಪಾದದಿಂದ ಶುರು.

ಒಂದು ಸಣ್ಣ ಸತ್ಯಾಂಶವನ್ನು ಮುಚ್ಚಿಡಬಾರದು. ಬಹಳ ಕಾಲ ಏರಿದ್ದ ಸಕ್ಕರೆಯನ್ನು ದಿಢೀರನೆ ಇಳಿಸಿದಾಗ ಕೆಲವರಿಗೆ ನರದ ನೋವು, ಉರಿ ಬರುವುದುಂಟು. ಅದು ಅಪರೂಪ, ಸಾಮಾನ್ಯವಾಗಿ ತಿಂಗಳುಗಳಲ್ಲಿ ತಗ್ಗುತ್ತದೆ. ಡಾಕ್ಟರ್ ಹಂತ ಹಂತವಾಗಿ ಇಳಿಸಲು ಇದೂ ಒಂದು ಕಾರಣ. ಇನ್ಸುಲಿನ್ ಬಿಡಲು ಇದು ಕಾರಣವಲ್ಲ.

ಜೋಸ್ಲಿನ್ ಪಟ್ಟು ಹಿಡಿದದ್ದು ಇಲ್ಲೇ. ಸಕ್ಕರೆಯನ್ನು ಸಾಧ್ಯವಾದಷ್ಟು ಸಾಮಾನ್ಯ ಮಟ್ಟದಲ್ಲಿಟ್ಟರೆ ಈ ತೊಂದರೆಗಳನ್ನು ತಡೆಯಬಹುದು ಎಂದು ಅವರು ನಂಬಿದ್ದರು. 1924ರಲ್ಲಿ ಅವರ ಜೊತೆ ಸೇರಿದ ಡಾ. ಪ್ರಿಸಿಲ್ಲಾ ವೈಟ್ ಮಕ್ಕಳ ವಿಭಾಗ ನೋಡಿಕೊಂಡರು. ನರ್ಸ್‌ಗಳು ಮನೆಗಳಿಗೇ ಹೋಗಿ ಕಲಿಸಿದರು. 1932ರಲ್ಲಿ ಜೋಸ್ಲಿನ್ ಹುಟ್ಟೂರಿನಲ್ಲೇ ಮಧುಮೇಹವಿರುವ ಹುಡುಗಿಯರಿಗಾಗಿ ಬೇಸಿಗೆ ಶಿಬಿರ ಆರಂಭವಾಯಿತು. 1934ರಲ್ಲಿ ಅವರು ಕಾಲಿನ ಗ್ಯಾಂಗ್ರೀನ್ ಬಗ್ಗೆ ಎಚ್ಚರಿಸಿ ಲೇಖನ ಬರೆದರು. ದಿನವೂ ಪಾದ ತೊಳೆದು, ಒರೆಸಿ, ನೋಡಿಕೊಳ್ಳುವುದು ಅವರ ಪಾಠದ ಭಾಗವಾಗಿತ್ತು.

ಎಲ್ಲರೂ ಒಪ್ಪಲಿಲ್ಲ. ಜರ್ಮನಿಯಲ್ಲಿ ಕಾರ್ಲ್ ಸ್ಟೋಲ್ಟೆ ಮಧುಮೇಹವಿರುವ ಮಕ್ಕಳಿಗೂ ಬೇರೆ ಮಕ್ಕಳಂತೆ ಊಟ ಕೊಟ್ಟು ಅದಕ್ಕೆ ತಕ್ಕ ಇನ್ಸುಲಿನ್ ಕೊಡಿ ಎಂದರು. ನ್ಯೂಯಾರ್ಕಿನ ಎಡ್ವರ್ಡ್ ಟಾಲ್‌ಸ್ಟಾಯ್, ರೋಗಿ ಆರಾಮಾಗಿದ್ದರೆ ಮೂತ್ರದಲ್ಲಿ ಸಕ್ಕರೆ ಕಂಡರೂ ಚಿಂತೆ ಬೇಡ ಎಂದು ವಾದಿಸಿದರು. ಅವರ ಮಾತಿನಲ್ಲಿ ಕರುಣೆ ಇತ್ತು ಎನ್ನುವುದನ್ನು ಮರೆಯಬಾರದು. ಆಗ ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಯಂತ್ರ ಇರಲಿಲ್ಲ. ಮೂತ್ರಕ್ಕೆ ನೀಲಿ ದ್ರಾವಣ ಬೆರೆಸಿ ಕುದಿಸಿ, ಬಣ್ಣ ಹಸಿರಾಯಿತೋ ಇಟ್ಟಿಗೆ ಕೆಂಪಾಯಿತೋ ನೋಡಬೇಕಿತ್ತು. ಊಟ ತೂಗಿ ತಿನ್ನಬೇಕಿತ್ತು. ಮಕ್ಕಳಿಗೆ ಇದು ಕಠಿಣ ಬದುಕು. ಜೋಸ್ಲಿನ್ ಮಾತಿನ ಧಾಟಿ ಎಷ್ಟೋ ಸಲ ತೊಂದರೆ ಬಂದರೆ ರೋಗಿಯದೇ ತಪ್ಪು ಎನ್ನುವಂತಿರುತ್ತಿತ್ತು. ಅದು ಸರಿಯಲ್ಲ. ಎಷ್ಟೇ ಜಾಗ್ರತೆ ವಹಿಸಿದರೂ ಕೆಲವು ಮಕ್ಕಳಿಗೆ ನರದ ತೊಂದರೆ ಬರುತ್ತದೆ.

ಯಾರ ವಾದ ಸರಿ ಎಂದು ತೀರ್ಮಾನವಾಗುವ ಮೊದಲೇ, 1962ರ ಜನವರಿಯಲ್ಲಿ, 92ನೇ ವಯಸ್ಸಿನಲ್ಲಿ ಜೋಸ್ಲಿನ್ ತೀರಿಕೊಂಡರು. ಕೊನೆಯವರೆಗೂ ರೋಗಿಗಳನ್ನು ನೋಡುತ್ತಿದ್ದರು.

ಉತ್ತರ ಸಿಕ್ಕಿದ್ದು 31 ವರ್ಷಗಳ ನಂತರ. ಅಮೆರಿಕ ಮತ್ತು ಕೆನಡಾದಲ್ಲಿ 13ರಿಂದ 39 ವರ್ಷದ 1,441 ಟೈಪ್ 1 ಮಧುಮೇಹಿಗಳನ್ನು ಎರಡು ಗುಂಪು ಮಾಡಿ ಸರಾಸರಿ ಆರೂವರೆ ವರ್ಷ ಗಮನಿಸಲಾಯಿತು. ಎರಡೂ ಗುಂಪಿನವರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರು ಎನ್ನುವುದು ಮುಖ್ಯ. ಒಂದು ಗುಂಪು ದಿನಕ್ಕೆ ಮೂರು ಅಥವಾ ಹೆಚ್ಚು ಸಲ ಇಲ್ಲವೇ ಪಂಪ್ ಮೂಲಕ ತೆಗೆದುಕೊಂಡು ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟಿತು, ಇನ್ನೊಂದು ಆಗಿನ ರೂಢಿಯಂತೆ ದಿನಕ್ಕೆ ಒಂದೆರಡು ಸಲ. 1993ರಲ್ಲಿ ಫಲಿತಾಂಶ ಬಂತು: ಬಿಗಿಯಾಗಿ ಹಿಡಿದವರಲ್ಲಿ ನರದ ಹಾನಿ ಸುಮಾರು 60% ಕಡಿಮೆ. ಹದಿಹರೆಯದವರಿಗೂ ಲಾಭವಾಗಿತ್ತು. ಸಕ್ಕರೆ ತೀರಾ ಇಳಿದು ಪರರ ನೆರವು ಬೇಕಾಗುವ ಸಂದರ್ಭಗಳು ಮಾತ್ರ ಅವರಲ್ಲಿ ಸುಮಾರು ಮೂರು ಪಟ್ಟಾದವು. ಅಂದರೆ ಟಾಲ್‌ಸ್ಟಾಯ್ ಅಂಥವರ ಆತಂಕ ಪೂರ್ತಿ ಪೊಳ್ಳಲ್ಲ. ಸ್ಟೋಲ್ಟೆ ಹೇಳಿದಂತೆ ಊಟಕ್ಕೆ ತಕ್ಕ ಇನ್ಸುಲಿನ್ ಕೊಡುವುದು ಇವತ್ತು ಸಾಮಾನ್ಯ ಪದ್ಧತಿಯೇ ಆಗಿದೆ.

ಈಗ ನಮ್ಮ ಮಕ್ಕಳ ವಿಷಯ. ನರದ ತೊಂದರೆ ಅವರಲ್ಲಿ ಹೆಚ್ಚಾಗಿ ಸದ್ದಿಲ್ಲದೆ ಶುರುವಾಗುತ್ತದೆ, ಮಗು ನೋವು ಎನ್ನುವುದೇ ಇಲ್ಲ. ಅಮೆರಿಕದ ಸರ್ಚ್ ಎಂಬ ಅಧ್ಯಯನದಲ್ಲಿ ಪರೀಕ್ಷಿಸಿದ ಎಳೆಯರ ಪೈಕಿ ಟೈಪ್ 1 ಇದ್ದವರಲ್ಲಿ 7%, ಟೈಪ್ 2 ಇದ್ದವರಲ್ಲಿ 22% ಮಂದಿಗೆ ಪಾದದ ನರದ ತೊಂದರೆಯ ಲಕ್ಷಣಗಳು ಸಿಕ್ಕವು. ಟೈಪ್ 1 ಬಂದು ಐದು ವರ್ಷ ಆಗಿದ್ದು, ಮಗುವಿಗೆ ಹತ್ತು ವರ್ಷ ತುಂಬಿದ್ದರೆ ಅಥವಾ ಅದಕ್ಕೂ ಮೊದಲೇ ಹರೆಯ ಶುರುವಾಗಿದ್ದರೆ, ವರ್ಷಕ್ಕೊಮ್ಮೆ ಪಾದದ ಪರೀಕ್ಷೆ ಆಗಬೇಕು. ಟೈಪ್ 2 ಆದರೆ ಕಾಯಿಲೆ ಗೊತ್ತಾದ ದಿನದಿಂದಲೇ. ಪರೀಕ್ಷೆ ಎಂದರೆ ಸೂಜಿಯಲ್ಲ, ರಕ್ತವಲ್ಲ. ನೈಲಾನ್ ಎಳೆಯೊಂದನ್ನು ಪಾದಕ್ಕೆ ಒತ್ತಿ ಗೊತ್ತಾಯಿತೇ ಎಂದು ಕೇಳುತ್ತಾರೆ, ಕಂಪಿಸುವ ಟ್ಯೂನಿಂಗ್ ಫೋರ್ಕನ್ನು ಕಾಲ್ಬೆರಳಿಗೆ ತಾಗಿಸುತ್ತಾರೆ. ಕೆಲವೇ ನಿಮಿಷ. ಮುಂದಿನ ಸಲ ಡಾಕ್ಟರ್ ಬಳಿ ಹೋದಾಗ ಮಗುವಿನ ಶೂ, ಸಾಕ್ಸ್ ನೀವೇ ಬಿಚ್ಚಿಸಿ ಕೂರಿಸಿ.